ಗುಡ್ಡದ ಇಳಿಜಾರಿನಲ್ಲಿ ಬಳ್ಳಾರಿ ಜಾಲಿಯನ್ನು ತೆಗೆಯುವ ಕ್ರಮ

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಭೂಮಿಯು ಬಹುಮಟ್ಟಿಗೆ ಬಯಲು ಸೀಮೆಯೇ ಆಗಿದೆ. ಆದರೂ ಮಸ್ಕಿ, ಮುದಗಲ್ಲು ಮುಂತಾದ ಕಡೆಗಳಲ್ಲಿ ಬಂಡೆಗಲ್ಲಿನ ಗುಡ್ಡಗಳೂ ಮರಡಿಗಳೂ ಇರುವುವು. ಇವುಗಳ ಇಳಿಜಾರಿನ ಮೇಲಿರತಕ್ಕ ಮಣ್ಣು ಮಸಾರಿಯಾದದ್ದು. ಅನೇಕ ಕಡೆ ಅದರ ಆಳವು ಒಂದು ಮೊಳವೂ ಇಲ್ಲ. ಊರಿನ ದನಕರುಗಳಿಗೆ ಮೇವು, ಬಡವರಿಗೆ ಸೌದೆ, ಕೆಳಗಿನ ಕೆರೆಗೆ ನೀರು, ಈ ಮೂರೂ ಇದೇ ತೆಳುವಾದ ಮಣ್ಣಿನ ಮೇಲೆ ನಿಂತಿವೆ. ಇಂಥ ಇಳಿಜಾರುಗಳನ್ನು ಈಗ ಬಳ್ಳಾರಿ ಜಾಲಿಯು ಆಕ್ರಮಿಸಿದೆ. ಅದನ್ನು ತೆಗೆಯಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಯಲಿನ ಹೊಲದಲ್ಲಿ ತೆಗೆಯುವ ರೀತಿಯಲ್ಲೇ ಗುಡ್ಡದಲ್ಲಿಯೂ ತೆಗೆದರೆ, ಜಾಲಿಯೊಡನೆ ಮಣ್ಣೂ ಹೋಗುತ್ತದೆ. ಜಾಲಿಯು ಮತ್ತೆ ಬರುತ್ತದೆ, ಮಣ್ಣು ಮತ್ತೆ ಬರುವುದಿಲ್ಲ. ಆದಕಾರಣ ಹಿಡುವಳಿದಾರರೂ ಊರಿನ ಹಿರಿಯರೂ ಕೆಲಸಕ್ಕೆ ಕೈಹಾಕುವ ಮೊದಲು ಈ ಕೆಳಗಿನ ಸಂಗತಿಗಳನ್ನು ಗಮನಿಸುವುದು ಒಳ್ಳೆಯದು.

1. ಗಿಡದ ಪರಿಚಯ

ಬಳ್ಳಾರಿ ಜಾಲಿಯು ಈ ದೇಶದ ಗಿಡವಲ್ಲ. ಇದರ ಮೂಲವು ಮಧ್ಯ ಮತ್ತು ದಕ್ಷಿಣ ಅಮೆರಿಕ. 1870ರ ದಶಕದಲ್ಲಿ ಆಗಿನ ಮದರಾಸು ಪ್ರಾಂತದ ಕಡಪಾ ಸೀಮೆಗೆ ಇದರ ಬೀಜವನ್ನು ತರಿಸಿ ಬಿತ್ತಲಾಯಿತು. ಮಳೆ ಕಡಮೆಯಾದ ಸೀಮೆಗೆ ಸೌದೆ ಒದಗಲೆಂಬುದೇ ಆಗಿನ ಉದ್ದೇಶ. ಆ ಉದ್ದೇಶವು ಕೈಗೂಡಿತಾದರೂ ಗಿಡವು ಬಿತ್ತಿದ ಸ್ಥಳದಲ್ಲಿ ನಿಲ್ಲದೆ ಗಾಯರಾಣ, ಹಳ್ಳದ ದಂಡೆ, ಕಾಲುವೆಯ ಏರಿ, ಬೀಳು ಹೊಲ ಎಲ್ಲವನ್ನೂ ಹಿಡಿಯಿತು.

ಇದನ್ನು ಊರಿನ ಹಳೆಯ ಮರಗಳಿಂದ ಬೇರೆಯಾಗಿ ಗುರುತಿಸತಕ್ಕದ್ದು ಅವಶ್ಯ. ಕರಿಜಾಲಿಯ ಹೂವು ಹಳದಿಯ ಗುಂಡಾದ ಚೆಂಡಿನಂತೆ ಇರುವುದು. ಅದರ ಕಾಯಿಯು ಮಣಿಸರದಂತೆ ಬೀಜಬೀಜಕ್ಕೂ ಸೊಂಟ ಹಿಡಿದಿರುವುದು. ಬಳ್ಳಾರಿ ಜಾಲಿಯ ಹೂವು ಬೆರಳುದ್ದದ ತೆನೆಯಂತೆ ಜೋಲುವುದು. ಕಾಯಿಯು ಹಣ್ಣಾದಾಗ ಹುಲ್ಲಿನ ಬಣ್ಣಕ್ಕೆ ತಿರುಗಿ ಸಿಹಿಯಾಗಿರುವುದು. ಮುಳ್ಳುಗಳು ಎಲೆಯ ಬುಡದಲ್ಲಿ ಸಾಮಾನ್ಯವಾಗಿ ಜೋಡಿಯಾಗಿರುವುವು. ದಸರೆಯಲ್ಲಿ ಪೂಜಿಸುವ ಬನ್ನಿಯು ಬಳ್ಳಾರಿ ಜಾಲಿಯ ಕುಲಕ್ಕೇ ಸೇರಿದ್ದಾದರೂ ಈ ದೇಶದ್ದೇ ಆದ ಸಾಧು ಮರ. ಅದರ ಮುಳ್ಳು ಚಿಕ್ಕದು, ಕೊಂಬೆಯ ಮೇಲೆ ಅಲ್ಲಲ್ಲಿ ಚೆದರಿರುವುದು. ಕೂಲಿಯವರು ಕೊಡಲಿ ಎತ್ತುವ ಮೊದಲೇ ಬನ್ನಿ, ಕರಿಜಾಲಿ, ಬಾರಿ, ತಂಗಡಿ ಇವುಗಳಿಗೆ ಸುಣ್ಣದ ಗುರುತು ಹಾಕಿಸಿದರೆ ತಪ್ಪು ನಡೆಯದು.

2. ಇದು ಮತ್ತೆ ಮತ್ತೆ ಬರುವ ಕಾರಣ

ಕಾರಣಗಳು ಎರಡು. ಮೊದಲನೆಯದು ಬುಡ. ಬೇರಿನ ತಲೆಯಲ್ಲಿ, ಅಂದರೆ ನೆಲದ ಮಟ್ಟದಲ್ಲಿಯೂ ಅದರ ಸ್ವಲ್ಪ ಕೆಳಗೂ, ಚಿಗುರುವ ಕಣ್ಣುಗಳು ಇರುವುವು. ನೆಲದ ಮೇಲೆ ಕಡಿದುಬಿಟ್ಟರೆ ಒಂದು ಕಾಂಡವಿದ್ದ ಕಡೆ ಹತ್ತು ಚಿಗುರು ಏಳುವುವು, ಮರವಾಗಿದ್ದದ್ದು ಪೊದೆಯಾಗುವುದು. ನೆಲದಿಂದ ಒಂದು ಗೇಣಿಗಿಂತ ಕಡಮೆಯಿಲ್ಲದೆ, ಸಾಧ್ಯವಾದರೆ ಒಂದು ಅಡಿ ಕೆಳಗೆ ಬೇರನ್ನು ಕತ್ತರಿಸಿದರೆ, ಉಳಿದ ಆಳದ ಬೇರು ಸಾಮಾನ್ಯವಾಗಿ ಚಿಗುರುವುದಿಲ್ಲ. ಆದ್ದರಿಂದ ಬೇರನ್ನೆಲ್ಲ ಅಗೆದು ಹೊರತೆಗೆಯುವ ಅಗತ್ಯವಿಲ್ಲ. ಇಳಿಜಾರಿನಲ್ಲಿ ಇದು ದೊಡ್ಡ ಅನುಕೂಲ. ಕೆಳಗೆ ಉಳಿದ ಬೇರು ಕೊಳೆಯುವವರೆಗೆ ಮಣ್ಣನ್ನು ಹಿಡಿದಿರುವುದು.

ಎರಡನೆಯದು ಸಗಣಿ. ಸಿಹಿಯಾದ ಕಾಯಿಯನ್ನು ದನ, ಕುರಿ, ಆಡು ಎಲ್ಲವೂ ತಿನ್ನುವುವು. ಬೀಜದ ಸಿಪ್ಪೆಯು ಗಟ್ಟಿಯಾದದ್ದರಿಂದ, ವಿಶೇಷವಾಗಿ ದನಗಳ ಹೊಟ್ಟೆಯಲ್ಲಿ, ಬಹಳಷ್ಟು ಬೀಜ ಕೆಡದೆ ಸಗಣಿಯೊಡನೆ ಬೀಳುವುದು. ಬಿದ್ದ ಕಡೆಯೇ ಗೊಬ್ಬರವೂ ದೊರೆತು ಮೊಳೆಯುವುದು. ಗುಡ್ಡದ ನೆತ್ತಿಗೆ ಬೀಜವನ್ನು ಒಯ್ದದ್ದು ಗಾಳಿಯಲ್ಲ, ಊರಿನ ದನಗಳೇ ಎಂಬುದನ್ನು ಮರೆಯಬಾರದು. ಅಲ್ಲಿಂದ ಮಳೆಯ ನೀರು ಬೀಜವನ್ನು ಹಳ್ಳಕ್ಕೆ ಇಳಿಸುವುದು.

ಪಾಪಸುಕಳ್ಳಿಯ ವೃತ್ತಾಂತವನ್ನು ಇಲ್ಲಿ ನೆನೆಯಬಹುದು. ಅದೂ ಅಮೆರಿಕದಿಂದ ಬಂದು ದಕ್ಷಿಣ ದೇಶದ ಹೊಲಗಳನ್ನೂ ಊರಂಚುಗಳನ್ನೂ ಹಿಡಿದಿತ್ತು. 1926ರಲ್ಲಿ ಸಿಂಹಳದಿಂದ ಒಂದು ಜಾತಿಯ ಬಿಳಿ ಹಿಟ್ಟಿನಂಥ ಹುಳುವನ್ನು ತಂದು ಬಿಟ್ಟ ಮೇಲೆ ಅದು ಕಳ್ಳಿಯ ರಸವನ್ನು ಹೀರಿ ಅದನ್ನು ಬಹಳ ಮಟ್ಟಿಗೆ ಅಡಗಿಸಿತು. ಬಳ್ಳಾರಿ ಜಾಲಿಗೂ ಇಂಥ ಉಪಾಯವುಂಟೇ ಎಂದು ರೈತರು ಕೇಳುವುದು ಸಹಜ. ದಕ್ಷಿಣ ಆಫ್ರಿಕದಲ್ಲಿ 1987ರಲ್ಲಿ ಇದರ ಬೀಜವನ್ನು ಕೊರೆಯುವ ದುಂಬಿಯನ್ನು ಬಿಟ್ಟರು. ಅದು ಬೀಜವನ್ನು ತಿನ್ನುವುದೇ ಹೊರತು ನಿಂತ ಮರವನ್ನು ಕೊಲ್ಲುವುದಿಲ್ಲ. ದುಂಬಿಗಿಂತ ಮೊದಲು ದನಗಳೇ ಕಾಯಿಯನ್ನು ತಿಂದುಬಿಡುವುದರಿಂದ ಅದರ ಪ್ರಯೋಜನವೂ ಅಲ್ಪವಾಯಿತು. ಆದ್ದರಿಂದ ಈ ಕೆಲಸವನ್ನು ಗುದ್ದಲಿ, ಪಿಕಾಸಿ ಮತ್ತು ತಾಳ್ಮೆಯಿಂದಲೇ ಮಾಡಬೇಕಾಗಿದೆ.

3. ಇಳಿಜಾರಿನ ಅಪಾಯ

ರಾಯಚೂರು ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು 600 ಮಿಲಿಮೀಟರ್, ಅಂದರೆ 24 ಅಂಗುಲ. ಪ್ರಮಾಣವು ಕಡಮೆಯಾದರೂ ಅದು ಕೆಲವೇ ದಿನಗಳಲ್ಲಿ ರಭಸವಾಗಿ ಬೀಳುವುದು. ಎಲ್ಲ ತಿಂಗಳುಗಳಲ್ಲಿ ಸೆಪ್ಟೆಂಬರ್ ತಿಂಗಳ ಮಳೆಯೇ ಹೆಚ್ಚು. ಬೋಳಾದ ಇಳಿಜಾರಿನ ಮೇಲೆ ಇಂಥ ಮಳೆ ಬಿದ್ದರೆ ಏನಾಗುವುದೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಎಕರೆಯ ಮೇಲಿನಿಂದ ಒಂದು ಅಂಗುಲ ದಪ್ಪ ಮಣ್ಣು ಕೊಚ್ಚಿಹೋದರೆ ಅದು ಸುಮಾರು 100 ಘನ ಮೀಟರ್ ಆಗುವುದು. ಅದನ್ನು ಮರಳಿ ಹೇರಲು ನೂರು ಎತ್ತಿನ ಗಾಡಿಗಳೂ ಸಾಲವು. ಆ ಮಣ್ಣು ಹೋಗಿ ಸೇರುವುದು ಕೆಳಗಿನ ಹೊಲಕ್ಕೆ, ಹಳ್ಳಕ್ಕೆ, ಕೆರೆಯ ಒಡಲಿಗೆ. ತುಂಗಭದ್ರೆಯನ್ನು ಸೇರತಕ್ಕ ಮಸ್ಕಿ ಹಳ್ಳಕ್ಕೆ ಮಾರಲದಿನ್ನಿಯ ಬಳಿ ಜಲಾಶಯವನ್ನು ಕಟ್ಟಲಾಗಿದೆ. ಅದರ ಮೇಲ್ಭಾಗದ ಗುಡ್ಡಗಳಲ್ಲಿ ಸಡಿಲಾದ ಮಣ್ಣೆಲ್ಲ ಆ ಕಡೆಗೇ ಹರಿಯುವುದು. ಹೀಗೆ ಮೇಲಿನ ಊರಿನವರ ಅವಸರದಿಂದ ಕೆಳಗಿನ ಊರಿನವರ ನೀರಿಗೆ ಕುಂದು ಬರುವುದು.

ಆದಕಾರಣ ಮಣ್ಣು ಅಗೆಯುವ ದೊಡ್ಡ ಯಂತ್ರವನ್ನು ಇಳಿಜಾರಿಗೆ ಹತ್ತಿಸಿ ಎರಡು ದಿನದಲ್ಲಿ ಗುಡ್ಡವನ್ನು ಬೋಳುಮಾಡಿಸುವುದು ನೋಡಲು ಸುಲಭವಾಗಿದ್ದರೂ ಮುಂದೆ ಹಾನಿಕರ. ಯಂತ್ರವು ಬಯಲಿನ ಬೀಳು ಹೊಲಕ್ಕೆ ತಕ್ಕದ್ದು. ಇಳಿಜಾರಿನಲ್ಲಿ ಬೆಂಕಿ ಹಚ್ಚುವುದೂ ಕೂಡದು. ಬೆಂಕಿಯಿಂದ ಹುಲ್ಲಿನ ಹೊದಿಕೆ ಸುಡುವುದೇ ಹೊರತು ಬೆಳೆದ ಜಾಲಿಯ ಬುಡ ಸಾಯುವುದಿಲ್ಲ.

4. ಪಟ್ಟೆಗಳನ್ನು ಗುರುತಿಸುವ ವಿಧಾನ

ಗುಡ್ಡವನ್ನು ಒಂದೇ ವರ್ಷ ಪೂರ್ತಿಯಾಗಿ ತೆರವು ಮಾಡದೆ, ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟದ ಪಟ್ಟೆಗಳಾಗಿ ವಿಭಾಗಿಸತಕ್ಕದ್ದು. ಸಾಧಾರಣ ಇಳಿಜಾರಿನಲ್ಲಿ ಪಟ್ಟೆಯ ಅಗಲವು 10 ಗಜ, ಕಡಿದಾದ ಕಡೆ 5 ಗಜ ಇದ್ದರೆ ಸಾಕು. ಮೊದಲನೆಯ ವರ್ಷ ಒಂದು ಬಿಟ್ಟು ಒಂದು ಪಟ್ಟೆಯನ್ನು ಮಾತ್ರ ತೆರವು ಮಾಡುವುದು. ಅಲ್ಲಿ ಹುಲ್ಲು ಬೇರೂರಿದ ಮೇಲೆ, ಅಂದರೆ ಮೂರನೆಯ ವರ್ಷ, ನಡುವೆ ಉಳಿದ ಪಟ್ಟೆಗಳಿಗೆ ಕೈಹಾಕುವುದು. ಕೆಲಸವನ್ನು ಮೇಲಿನಿಂದ ಕೆಳಕ್ಕೆ ನಡೆಸಬೇಕು. ಇಲ್ಲವಾದರೆ ಮೇಲಿನ ಬೀಜವು ಕೆಳಗಿನ ಶುದ್ಧವಾದ ಪಟ್ಟೆಗೆ ಉರುಳಿಬರುವುದು.

ಸಮಮಟ್ಟದ ಗೆರೆಯನ್ನು ಹಾಕಲು ಬೆಲೆಯುಳ್ಳ ಉಪಕರಣ ಬೇಕಿಲ್ಲ. ಎರಡು ಗಜ ಉದ್ದದ ಎರಡು ಗಳಗಳನ್ನು ಮೇಲ್ತುದಿಯಲ್ಲಿ ಕೂಡಿಸಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಒಂದು ಅಡ್ಡಗಳವನ್ನು ಬಿಗಿಯಬೇಕು. ಮೇಲ್ತುದಿಯಿಂದ ದಾರದಲ್ಲಿ ಒಂದು ಕಲ್ಲನ್ನು ಇಳಿಬಿಡಬೇಕು. ಇದನ್ನು ನೆಲದಲ್ಲಿ ನಿಲ್ಲಿಸಿ ದಾರವು ಅಡ್ಡಗಳವನ್ನು ಮುಟ್ಟುವ ಸ್ಥಳಕ್ಕೆ ಗುರುತು ಹಾಕಿ, ಕಾಲುಗಳನ್ನು ಅದಲುಬದಲು ಮಾಡಿ ಅದೇ ಸ್ಥಳದಲ್ಲಿಟ್ಟು ಮತ್ತೊಂದು ಗುರುತು ಹಾಕಿದರೆ, ಎರಡರ ನಡುಬಿಂದುವೇ ಸಮಮಟ್ಟದ ಗುರುತಾಗುವುದು. ಬಳಿಕ ಗುಡ್ಡದ ಮೇಲೆ ದಾರವು ಆ ಬಿಂದುವಿಗೆ ಬರುವಂತೆ ಒಂದೊಂದೇ ಹೆಜ್ಜೆಯಾಗಿ ಕಾಲು ಇಡುತ್ತ ಗೂಟ ಹೊಡೆಯುತ್ತ ಹೋಗತಕ್ಕದ್ದು. ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟದ ಒಡ್ಡು ಹಾಕುವ ತತ್ತ್ವವು ಈ ಸೀಮೆಗೆ ಹೊಸದಲ್ಲ. 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರುಗಳಲ್ಲಿ ನಡೆದ ಒಣಬೇಸಾಯದ ಸಂಶೋಧನೆಯಲ್ಲಿಯೂ ಒಡ್ಡಿಗೆ ಮುಖ್ಯ ಸ್ಥಾನವಿತ್ತು.

5. ಕೆಲಸದ ಕಾಲ ಮತ್ತು ಕ್ರಮ

ಮಾಘ, ಫಾಲ್ಗುಣ ಮಾಸಗಳಲ್ಲಿ, ಬೇಸಿಗೆಯ ಕಾಯಿ ಹಣ್ಣಾಗುವ ಮೊದಲು, ಗುರುತಿಸಿದ ಪಟ್ಟೆಯ ಜಾಲಿಯನ್ನು ಕಡಿಯತಕ್ಕದ್ದು. ಆಗ ನೆಲಮಟ್ಟಕ್ಕೆ ಕಡಿಯದೆ ಮೊಳದುದ್ದದ ಮೋಟನ್ನು ಬಿಟ್ಟಿರಬೇಕು. ಮುಂದೆ ಬೇರು ತೆಗೆಯುವಾಗ ಹಿಡಿದು ಅಲುಗಿಸಲು ಅದೇ ಹಿಡಿಯಾಗುವುದು. ದಪ್ಪ ಕಟ್ಟಿಗೆಯನ್ನು ಸೌದೆಗೂ ಇದ್ದಿಲಿಗೂ ಇಳಿಸಿಕೊಂಡು, ಕಾಯಿಗಳನ್ನು ಆರಿಸಿ ತೆಗೆದ ಮುಳ್ಳುಕೊಂಬೆಗಳನ್ನು ಪಟ್ಟೆಯ ಕೆಳ ಅಂಚಿನಲ್ಲಿ ಗೂಟದ ಸಾಲಿನ ಉದ್ದಕ್ಕೂ ಒತ್ತಾಗಿ ಹಾಸಿ, ಮೇಲೆ ಕಲ್ಲು ಹೇರಬೇಕು. ಈ ಮುಳ್ಳಿನ ಸಾಲು ಹರಿಯುವ ನೀರನ್ನು ತಡೆದು ಮಣ್ಣನ್ನು ಹಿಡಿಯುವುದು, ಆಡುಗಳನ್ನೂ ದೂರವಿಡುವುದು.

ರೋಹಿಣಿ, ಮೃಗಶಿರ ಮಳೆಗಳು ಬಿದ್ದು ನೆಲ ಮೆತ್ತಗಾದ ಕೂಡಲೆ ಮೋಟಿನ ಸುತ್ತ ಅಗೆದು, ಹಿಂದೆ ಹೇಳಿದ ಆಳದಲ್ಲಿ ಬೇರನ್ನು ಕಡಿದು ಎತ್ತಬೇಕು. ಗುಂಡಿಯನ್ನು ಅದೇ ದಿನ ಮುಚ್ಚಿ ತುಳಿಯಬೇಕು. ಆ ಹೊತ್ತಿಗೆ ಮೊಳೆತಿರುವ ಎಳೆಯ ಸಸಿಗಳನ್ನು ಕೈಯಿಂದಲೇ ಕೀಳಬಹುದು. ಮುಳ್ಳು ಆಳವಾಗಿ ಚುಚ್ಚಿ ಕೀವು ಕಟ್ಟಿಸುವುದರಿಂದ ಕೆಲಸದವರಿಗೆ ದಪ್ಪ ಅಟ್ಟೆಯ ಕೆರವನ್ನೂ ಕೈಗೆ ಗವಸನ್ನೂ ಒದಗಿಸುವುದು ಕೆಲಸ ಮಾಡಿಸುವವರ ಕರ್ತವ್ಯ.

ನಿಂತು ಗುದ್ದಲಿ ಬೀಸಲಾಗದಷ್ಟು ಕಡಿದಾದ ಸ್ಥಳದಲ್ಲಿ ಅಗೆಯಲೇ ಬಾರದು. ಅಲ್ಲಿ ಪೊದೆಯ ಚಿಗುರುಗಳನ್ನೆಲ್ಲ ಸವರಿ ಒಂದೇ ಕಾಂಡವನ್ನು ಬಿಟ್ಟು, ಅದರ ನೆರಳಿನಲ್ಲಿ ಬೇರೆ ಮರವನ್ನು ಬೆಳೆಸಿ, ಆ ಮರವು ನಿಂತ ಮೇಲೆ ಜಾಲಿಯನ್ನು ತೆಗೆಯುವುದು ಕ್ಷೇಮ.

6. ತೆರವಾದ ಕಡೆ ಏನನ್ನು ಇಡಬೇಕು

ಬರಿದಾದ ನೆಲವು ಬರಿದಾಗಿ ಉಳಿಯುವುದಿಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವನ್ನೆಲ್ಲ ಹರಡಿದ ಕಾಂಗ್ರೆಸ್ ಕಸವು ಇಂಥ ನೆಲಕ್ಕಾಗಿಯೇ ಕಾದಿರುವುದು. ಅದು ಬರುವ ಮೊದಲೇ ಹುಲ್ಲು ಬರಬೇಕು. ಬೇರು ತೆಗೆದ ವಾರದೊಳಗೆ ಅಂಜನ ಹುಲ್ಲಿನ ಬೀಜವನ್ನು ಹಸಿ ಮಣ್ಣಿನೊಡನೆ ಕಲಸಿ ಎರಚುವುದು. ಮುಳ್ಳಿನ ಸಾಲಿನ ಮೇಲ್ಬದಿಯಲ್ಲಿ ಲಾವಂಚದ ಬುಡಗಳನ್ನು ಗೇಣಿಗಿಂತ ಹತ್ತಿರವಾಗಿ ನಡುವುದು. ಜೂನ್ ತಿಂಗಳಲ್ಲಿ ಬಿತ್ತಿದ ಹುಲ್ಲು ಸೆಪ್ಟೆಂಬರಿನ ದೊಡ್ಡ ಮಳೆಯ ಹೊತ್ತಿಗೆ ನೆಲವನ್ನು ಹಿಡಿದಿರುವುದು. ಈ ಮೂರು ತಿಂಗಳ ಅವಧಿಯೇ ಕೆಲಸದ ಜೀವಾಳ. ತಡಮಾಡಿದರೆ ಆ ಮಳೆಯು ಬರಿಯ ಮಣ್ಣಿನ ಮೇಲೆ ಬೀಳುವುದು.

ಮರಗಳಲ್ಲಿ ಬೇವು, ಕಮರ, ಕರಿಜಾಲಿ, ಬಾರಿ, ಸೀತಾಫಲ ಇವು ತಕ್ಕವು. ಸೀತಾಫಲದ ಎಲೆಯನ್ನು ಆಡು ಮುಟ್ಟದಿರುವುದರಿಂದ ಕಾವಲು ಕಡಮೆ ಸಾಕು. ತಂಗಡಿಯು ತಾನಾಗಿ ಬಂದ ಕಡೆ ಅದನ್ನು ಕೀಳದೆ ಬಿಡತಕ್ಕದ್ದು.

7. ಊರಿನ ಹಿರಿಯರು ಮಾಡತಕ್ಕದ್ದು

ಒಬ್ಬ ರೈತನು ತನ್ನ ಹೊಲವನ್ನು ಶುದ್ಧಮಾಡಿ ನೆರೆಯವನು ಸುಮ್ಮನಿದ್ದರೆ ಫಲವಿಲ್ಲ. ಗಾಯರಾಣದ ವಿಷಯದಲ್ಲಂತೂ ಊರೇ ಒಂದಾಗಿ ಗ್ರಾಮ ಪಂಚಾಯಿತಿಯ ಸಭೆಯಲ್ಲಿ ನಿರ್ಣಯ ಮಾಡಬೇಕು. ತೆರವಾದ ಪಟ್ಟೆಗೆ ಎರಡು ವರ್ಷ ದನಗಳನ್ನು ಬಿಡಬಾರದು. ಹುಲ್ಲನ್ನು ಕೊಯ್ದು ತರಲು ಮಾತ್ರ ಅಪ್ಪಣೆ ಇರಬೇಕು. ಕಾಯಿ ತಿಂದ ದನಗಳನ್ನು ಕನಿಷ್ಠ ಒಂದು ವಾರ ದೊಡ್ಡಿಯಲ್ಲಿಟ್ಟು ಬೇರೆ ಮೇವು ಹಾಕಿದ ಮೇಲೆಯೇ ಶುದ್ಧವಾದ ನೆಲದ ಕಡೆಗೆ ಹೊಡೆಯಬೇಕು. ಕಾಯಿಯನ್ನು ಮೇವಾಗಿ ಬಳಸುವವರು ಒಣಗಿಸಿ ಬೀಜ ಪುಡಿಯಾಗುವಂತೆ ಬೀಸಿ, ಬೇರೆ ಮೇವಿನೊಡನೆ ಮಿತವಾಗಿ ಬೆರೆಸಿ ಕೊಡತಕ್ಕದ್ದು.

ಜಾಲಿಯ ಕಟ್ಟಿಗೆಯಿಂದಲೇ ಒಲೆ ಉರಿಸುವ, ಇದ್ದಿಲು ಸುಟ್ಟು ಜೀವಿಸುವ ಬಡ ಕುಟುಂಬಗಳು ಪ್ರತಿ ಊರಿನಲ್ಲಿಯೂ ಇವೆ. ಅವರನ್ನು ಕೇಳದೆ ಮಾಡಿದ ನಿರ್ಣಯವು ನಿಲ್ಲುವುದಿಲ್ಲ. ಕಡಿದ ಸೌದೆಯಲ್ಲಿ ಅವರಿಗೆ ಮೊದಲ ಪಾಲು ಕೊಟ್ಟು, ಕೂಲಿಯನ್ನೂ ಅವರಿಗೇ ಒದಗಿಸಿದರೆ, ಪಟ್ಟೆಯನ್ನು ಕಾಯುವವರೂ ಅವರೇ ಆಗುವರು. ಪಟ್ಟೆಪಟ್ಟೆಯಾಗಿ ತೆಗೆಯುವುದರಿಂದ ಸೌದೆಯು ಒಮ್ಮೆಗೇ ಮುಗಿಯದೆ ಹಲವು ವರ್ಷ ಒದಗುವುದೂ ಒಂದು ಲಾಭ.

ಅರಣ್ಯ ಇಲಾಖೆಯ ಅಥವಾ ಸರಕಾರದ ಜಮೀನಿನಲ್ಲಿ ಅಪ್ಪಣೆ ಪಡೆಯದೆ ಮರ ಕಡಿಯಕೂಡದು. ಅಶೋಕನ ಹೆಸರಿರುವ ಶಾಸನವು 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಗುಡ್ಡದಂಥ ಸಂರಕ್ಷಿತ ಸ್ಥಳಗಳಲ್ಲಿ ಪುರಾತತ್ತ್ವ ಇಲಾಖೆಯ ಅಪ್ಪಣೆಯಿಲ್ಲದೆ ಗುದ್ದಲಿ ಹಾಕಲೇಬಾರದು.

8. ಮುಂದಿನ ಎಚ್ಚರಿಕೆ

ತೆಗೆದ ಎರಡು ತಿಂಗಳಿಗೆ ಒಮ್ಮೆ, ಬಳಿಕ ಪ್ರತಿ ಮಳೆಗಾಲದ ಮೊದಲಲ್ಲಿಯೂ ಕೊನೆಯಲ್ಲಿಯೂ ಪಟ್ಟೆಯನ್ನು ನಡೆದು ನೋಡಿ, ಚಿಗುರಿದ ಬುಡವನ್ನೂ ಹೊಸ ಸಸಿಯನ್ನೂ ತೆಗೆಯತಕ್ಕದ್ದು. ನೆಲದಲ್ಲಿ ಬಿದ್ದ ಬೀಜವು ಅನೇಕ ವರ್ಷ ಜೀವ ಹಿಡಿದಿರುವುದರಿಂದ ಈ ಕ್ರಮವನ್ನು ಐದು ವರ್ಷಕ್ಕೆ ಕಡಮೆಯಿಲ್ಲದೆ ನಡೆಸಬೇಕು. ಆದ್ದರಿಂದ ಊರಿನವರು ಐದು ವರ್ಷ ಕಾಯಬಲ್ಲಷ್ಟು ನೆಲವನ್ನು ಮಾತ್ರ ಈ ವರ್ಷ ತೆರವು ಮಾಡುವುದು ಯುಕ್ತ. ಹತ್ತು ಎಕರೆಯನ್ನು ಕಡಿದು ಕೈಬಿಡುವುದಕ್ಕಿಂತ ಒಂದು ಎಕರೆಯನ್ನು ತೆಗೆದು ಹುಲ್ಲು ಹಿಡಿಸುವುದು ಮೇಲು. ವಿಶೇಷ ಸಲಹೆ ಬೇಕಾದವರು ಸಮೀಪದ ರೈತ ಸಂಪರ್ಕ ಕೇಂದ್ರವನ್ನಾಗಲಿ, ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವನ್ನಾಗಲಿ ವಿಚಾರಿಸಬಹುದು.