ಮೌಸ್ ಕೈಗೆ ಹೊಂದಲಿ

ಮೈಸೂರಿನ ಬನ್ನಿಮಂಟಪದಂತಹ ಬಡಾವಣೆಗಳಲ್ಲಿ ಮನೆ ಮಾಡಿಕೊಂಡು ಊರಿನ ಜಮೀನನ್ನು ನೋಡಿಕೊಳ್ಳುವ ರೈತರಿದ್ದಾರೆ. ಭೂಮಿ ಯೋಜನೆಯಲ್ಲಿ ಪಹಣಿಗಳು ಗಣಕೀಕರಣಗೊಂಡಿರುವುದರಿಂದ ಅವನ್ನು ಮನೆಯ ಕಂಪ್ಯೂಟರಿನಲ್ಲಿಯೇ ನೋಡಬಹುದು. ಇದಕ್ಕೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಹಾಗೂ ಸರ್ವೆ ನಂಬರನ್ನು ಪಟ್ಟಿಗಳಿಂದ ಆರಿಸಬೇಕು. ಆರಿಸುವಾಗ ಬಾಣದ ಗುರುತು ಒಂದು ಸಾಲು ಜಾರಿದರೂ ಬೇರೆ ಗ್ರಾಮದ ಹೆಸರು ಬೀಳುತ್ತದೆ. ಪಹಣಿ ನೋಡುವಾಗ ಇದರಿಂದ ಆಗುವ ನಷ್ಟ ಸ್ವಲ್ಪ ಸಮಯ ಮಾತ್ರ. ಆದರೆ ಸೌಲಭ್ಯಕ್ಕಾಗಿ ಸಲ್ಲಿಸುವ ಅರ್ಜಿಯಲ್ಲಿ ಇದೇ ತಪ್ಪಾದರೆ ಹಣ ಬರುವುದಕ್ಕೇ ಅಡ್ಡಿಯಾದೀತು.

ಹಲವರು ಇದನ್ನು ತಮ್ಮ ಕೈಯ ದೋಷವೆಂದು ತಿಳಿದು ಕಂಪ್ಯೂಟರನ್ನೇ ದೂರವಿಡುತ್ತಾರೆ. ಎತ್ತಿನ ಎತ್ತರಕ್ಕೆ ತಕ್ಕಂತೆ ನೇಗಿಲು ಕಟ್ಟುವ ಹಾಗೆ ಮೌಸನ್ನೂ ಬಳಸುವವರ ಕೈಗೆ ತಕ್ಕಂತೆ ಹೊಂದಿಸಬೇಕು.

ಮೊದಲು ಮೌಸಿನ ಅಡಿಯ ಕಿಂಡಿಯಲ್ಲಿ ಕುಳಿತ ಧೂಳನ್ನು ಒಣಬಟ್ಟೆಯಿಂದ ಒರೆಸಬೇಕು. ಗಾಜಿನ ಮೇಜಿನ ಮೇಲೆ ಬಾಣ ಎಗರಾಡುವುದುಂಟು; ಅಡಿಗೆ ಒಂದು ದಪ್ಪ ಕಾಗದ ಹಾಕಿದರೆ ಸಾಕು. ಆನಂತರ ವಿಂಡೋಸ್ 11 ಇರುವ ಕಂಪ್ಯೂಟರಿನಲ್ಲಿ 'ಸೆಟ್ಟಿಂಗ್ಸ್' ತೆರೆದು, 'ಬ್ಲೂಟೂತ್ ಅಂಡ್ ಡಿವೈಸಸ್' ವಿಭಾಗದಲ್ಲಿ 'ಮೌಸ್' ಎಂಬುದನ್ನು ಒತ್ತಬೇಕು.

1. ವೇಗ: 'ಮೌಸ್ ಪಾಯಿಂಟರ್ ಸ್ಪೀಡ್' ಗೆರೆಯ ಗುಂಡಿಯನ್ನು ಎಡಕ್ಕೆ ಸರಿಸಿದರೆ ಬಾಣ ನಿಧಾನವಾಗುತ್ತದೆ. ಒಂದೆರಡು ಹಂತ ಇಳಿಸಿ ಪರೀಕ್ಷಿಸಬೇಕು. ತೀರಾ ಇಳಿಸಿದರೆ ಮೌಸನ್ನು ಮತ್ತೆ ಮತ್ತೆ ಎತ್ತಿಡಬೇಕಾಗಿ ಮಣಿಕಟ್ಟು ನೋಯುತ್ತದೆ.

2. ಜೋಡಿ ಕ್ಲಿಕ್: ಬೆರಳು ಬಿರುಸಾದವರಿಗೆ, ವಯಸ್ಸಾದವರಿಗೆ ಎರಡು ಕ್ಲಿಕ್ಕುಗಳನ್ನು ಬೇಗನೆ ಒತ್ತುವುದು ಕಷ್ಟ. 'ಅಡಿಷನಲ್ ಮೌಸ್ ಸೆಟ್ಟಿಂಗ್ಸ್' ತೆರೆದು, 'ಬಟನ್ಸ್' ಪುಟದಲ್ಲಿ 'ಡಬಲ್ ಕ್ಲಿಕ್ ಸ್ಪೀಡ್' ಕಡಿಮೆ ಮಾಡಬೇಕು. ಪಕ್ಕದಲ್ಲಿರುವ ಕಡತದ ಚಿತ್ರ ಜೋಡಿ ಕ್ಲಿಕ್ಕಿಗೆ ತೆರೆದುಕೊಂಡರೆ ಅಳತೆ ಸರಿಯಾಯಿತೆಂದು ತಿಳಿಯಬೇಕು.

3. ಎಡಗೈ: ಎಡಗೈ ಬಳಸುವವರು 'ಪ್ರೈಮರಿ ಮೌಸ್ ಬಟನ್' ಎಂಬಲ್ಲಿ ಬಲಗುಂಡಿಯನ್ನು ಆರಿಸಬಹುದು.

4. ಚಕ್ರ: ಪುಟ ಬೇಗ ಓಡುತ್ತಿದ್ದರೆ ಚಕ್ರದ ಒಂದು ತಿರುವಿಗೆ ಸರಿಯುವ ಸಾಲುಗಳ ಸಂಖ್ಯೆಯನ್ನು 3ರಿಂದ 1ಕ್ಕೆ ಇಳಿಸಬಹುದು.

5. ಬಾಣದ ಗಾತ್ರ: ಕಣ್ಣು ಮಂದವಿದ್ದರೆ 'ಆಕ್ಸೆಸಿಬಿಲಿಟಿ' ವಿಭಾಗದಲ್ಲಿ ಬಾಣದ ಗಾತ್ರ ಹೆಚ್ಚಿಸಿ, ಎದ್ದು ಕಾಣುವ ಬಣ್ಣ ಕೊಡಬಹುದು.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಆಗ ಯಾವುದರಿಂದ ಅನುಕೂಲವಾಯಿತೆಂಬುದು ತಿಳಿಯುತ್ತದೆ.

ಅರಮನೆಯಿಂದ ಬನ್ನಿಮಂಟಪದವರೆಗೆ ಅಂಬಾರಿ ಹೊತ್ತು ನಡೆಯುವ ಆನೆಗೂ ದಸರೆಗೆ ಮುನ್ನ ವಾರಗಟ್ಟಲೆ ತಾಲೀಮು ಇರುತ್ತದೆ. ಅಂತೆಯೇ ರೈತರೂ ಮೌಸನ್ನು ಹೊಂದಿಸಿಕೊಂಡ ಮೇಲೆ ಕೆಲವು ದಿನ ಪಹಣಿ ನೋಡಿ ಅಭ್ಯಾಸ ಮಾಡಿ, ಆಮೇಲೆ ಅರ್ಜಿ ತುಂಬಲು ತೊಡಗುವುದು ಒಳ್ಳೆಯದು. ಸಲ್ಲಿಸುವ ಗುಂಡಿ ಒತ್ತುವ ಮೊದಲು ಗ್ರಾಮದ ಹೆಸರು, ಸರ್ವೆ ನಂಬರುಗಳನ್ನು ಮತ್ತೊಮ್ಮೆ ಓದಿ ನೋಡತಕ್ಕದ್ದು.