ಕ್ಷಮೆಯೂ ಮೌನವೂ: ಆಮಿಶ್ ಪತ್ತೇದಾರಿ ಕಾದಂಬರಿಗಳನ್ನು ಓದುವಾಗ

ಪತ್ತೇದಾರಿ ಕಾದಂಬರಿಗೂ ದೇವಶಾಸ್ತ್ರಕ್ಕೂ ಏನು ನಂಟು ಎಂದು ಕೆಲವರಿಗೆ ಅನಿಸಬಹುದು. ಆದರೆ ಕೊಲೆಯೊಂದರ ಸುತ್ತ ಹೆಣೆದ ಕಥೆಯು ಪಾಪ, ಸಾಕ್ಷ್ಯ, ತೀರ್ಪು, ಕ್ಷಮೆ ಎಂಬ ನಮ್ಮವೇ ಆದ ಪದಗಳನ್ನು ಕೈಗೆತ್ತಿಕೊಳ್ಳುತ್ತದೆ. ಕ್ಷಮೆಯನ್ನೇ ಬಾಳಿನ ನಿಯಮವಾಗಿ ಸ್ವೀಕರಿಸಿದ ಕ್ರೈಸ್ತ ಸಮುದಾಯದಲ್ಲಿ ಆ ಕಥೆ ನಡೆದರೆ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಅಮೆರಿಕದ ಆಮಿಶ್ ಜನರ ನಡುವೆ ನಡೆಯುವ ಅಪರಾಧ ಕಾದಂಬರಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ.

ಆಮಿಶರು 16ನೇ ಶತಮಾನದ ಅನಾಬ್ಯಾಪ್ಟಿಸ್ಟ್ ಚಳವಳಿಯ ಒಂದು ಕವಲು. ಬಹಿಷ್ಕೃತರೊಡನೆ ಹೇಗೆ ವ್ಯವಹರಿಸಬೇಕೆಂಬ ವಿವಾದವೇ ಮುಖ್ಯವಾಗಿ, 1693ರಲ್ಲಿ ಯಾಕೋಬ್ ಅಮ್ಮಾನ್ ಅವರ ಅನುಯಾಯಿಗಳು ಬೇರೆಯಾದರು. 1527ರ ಶ್ಲೈಟ್‌ಹೈಮ್ ವಿಶ್ವಾಸ ಪ್ರಕಟಣೆಯ 7 ವಿಧಿಗಳಲ್ಲಿ ಬಹಿಷ್ಕಾರ, ಖಡ್ಗ, ಆಣೆ ಎಂಬ ಮೂರು ವಿಷಯಗಳು ಸೇರಿವೆ. ಖಡ್ಗವನ್ನು, ಅಂದರೆ ರಾಜ್ಯದ ದಂಡನಾಧಿಕಾರವನ್ನು, ದೇವರೇ ನೇಮಿಸಿದ್ದಾರೆ. ಆದರೆ ಅದು ಕ್ರಿಸ್ತರ ಪರಿಪೂರ್ಣತೆಯ ಹೊರಗಿನದು ಎಂಬುದು ಅದರ ತಾತ್ಪರ್ಯ. ಈ ಬೋಧನೆಯಿಂದಲೇ ಆಮಿಶರು ಆಯುಧ ಹಿಡಿಯುವ ಹುದ್ದೆಗಳಿಂದ ದೂರವಿರುತ್ತಾರೆ, ಆಣೆಯಿಡಲು ಒಪ್ಪುವುದಿಲ್ಲ, ನ್ಯಾಯಾಲಯದ ಮೆಟ್ಟಿಲೇರಲು ಹಿಂಜರಿಯುತ್ತಾರೆ. ಘೋರ ತಪ್ಪು ಮಾಡಿದವನು ಸಭೆಯ ಮುಂದೆ ಮೊಣಕಾಲೂರಿ ಅರಿಕೆ ಮಾಡಿಕೊಂಡು ಮತ್ತೆ ಸ್ವೀಕೃತನಾದರೆ, ಆ ಪಾಪದ ಮಾತನ್ನು ಮರಳಿ ಎತ್ತಬಾರದೆಂಬುದು ರೂಢಿ.

ಪತ್ತೇದಾರಿ ಕಥೆಯ ಧರ್ಮ ಇದಕ್ಕೆ ತದ್ವಿರುದ್ಧ. ಗುಟ್ಟು ಬಯಲಾಗಲೇಬೇಕು, ಅಪರಾಧಿಯನ್ನು ಹೆಸರಿಸಲೇಬೇಕು, ರಾಜ್ಯದ ಕೈಗೆ ಒಪ್ಪಿಸಲೇಬೇಕು. ಈ ಎರಡು ಧರ್ಮಗಳ ಘರ್ಷಣೆಯೇ ಇಂಥ ಕಾದಂಬರಿಗಳ ಜೀವಾಳ. ಪಿ. ಎಲ್. ಗಾಸ್ ಅವರ ‘ಬ್ಲಡ್ ಆಫ್ ದ ಪ್ರಾಡಿಗಲ್’ (1999) ಒಹಾಯೊ ರಾಜ್ಯದ ಹೋಮ್ಸ್ ಕೌಂಟಿಯಲ್ಲಿ ನಡೆಯುತ್ತದೆ. ಕಾಣೆಯಾದ ಮೊಮ್ಮಗನನ್ನು ಹುಡುಕಬೇಕಾದ ಆಮಿಶ್ ಬಿಷಪರು ಪೊಲೀಸರ ಬಳಿಗೆ ಹೋಗಲಾರದೆ ಒಬ್ಬ ಪ್ರಾಧ್ಯಾಪಕರ ಮತ್ತು ಒಬ್ಬ ಪಾಸ್ಟರರ ನೆರವು ಕೋರುತ್ತಾರೆ. ಹುಡುಕಾಟದ ಹಿಂದೆ ಬಹಿಷ್ಕೃತನಾದ ಮಗನ ಕಥೆಯಿದೆ. ಲಿಂಡಾ ಕ್ಯಾಸ್ಟಿಲೊ ಅವರ ‘ಸ್ವಾರ್ನ್ ಟು ಸೈಲೆನ್ಸ್’ (2009) ಇನ್ನೂ ಆಳಕ್ಕೆ ಇಳಿಯುತ್ತದೆ. ನಾಯಕಿ ಕೇಟ್ ಬರ್ಕ್‌ಹೋಲ್ಡರ್ ಆಮಿಶ್ ಸಮುದಾಯವನ್ನು ತೊರೆದು ಪೊಲೀಸ್ ಮುಖ್ಯಸ್ಥೆಯಾದವಳು. 14ರ ವಯಸ್ಸಿನಲ್ಲಿ, ತನ್ನ ಮೇಲೆ ಅತ್ಯಾಚಾರವೆಸಗಿದವನಿಗೆ ಆಕೆ ಗುಂಡಿಕ್ಕಿದ್ದಳು. ಕುಟುಂಬ ಅದನ್ನು ಮುಚ್ಚಿಟ್ಟಿತು. ಹಲವು ವರ್ಷಗಳ ಅನಂತರ ಆ ಮೌನವೇ ಆಕೆಯ ತನಿಖೆಗೆ ಅಡ್ಡ ನಿಲ್ಲುತ್ತದೆ.

ಇವು ಕಲ್ಪಿತ ಕಥೆಗಳೆಂಬುದನ್ನು ಮರೆಯಬಾರದು. ಒಂದು ಪುಟ್ಟ ಊರಿನಲ್ಲಿ ಕಂತುಕಂತಾಗಿ ಕೊಲೆಗಳು ನಡೆಯುವುದು ಪತ್ತೇದಾರಿ ಸರಣಿಯ ಅಗತ್ಯವೇ ಹೊರತು ಆಮಿಶ್ ಬದುಕಿನ ಚಿತ್ರವಲ್ಲ. ನಿಜಜೀವನದಲ್ಲಿ ಈ ಸಮುದಾಯದ ಕ್ಷಮೆ ಲೋಕವನ್ನೇ ಬೆರಗುಗೊಳಿಸಿದೆ. 2006ರ ಅಕ್ಟೋಬರ್ 2ರಂದು ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್ ಎಂಬಲ್ಲಿ ಬಂದೂಕುಧಾರಿಯೊಬ್ಬ ಆಮಿಶ್ ಶಾಲೆಗೆ ನುಗ್ಗಿ 10 ಬಾಲಕಿಯರ ಮೇಲೆ ಗುಂಡು ಹಾರಿಸಿದ. ಐವರು ಸತ್ತರು, ಆತನೂ ತನ್ನನ್ನು ಕೊಂದುಕೊಂಡ. ಆಮಿಶರು ಆತನ ಮನೆಯವರನ್ನು ಕಂಡು ಸಂತೈಸಿದರು, ಆತನ ಅಂತ್ಯಕ್ರಿಯೆಯಲ್ಲೂ ಪಾಲ್ಗೊಂಡರು. ಈ ಕ್ಷಮೆಯ ಒಂದು ಲಕ್ಷಣವನ್ನು ನಾವು ಗಮನಿಸಬೇಕು: ಅಲ್ಲಿ ಅಪರಾಧ ಎಲ್ಲರಿಗೂ ತಿಳಿದಿತ್ತು. ಸತ್ಯವನ್ನು ಬಚ್ಚಿಟ್ಟು ನೀಡಿದ ಕ್ಷಮೆ ಅದಲ್ಲ.

ಅಪರಾಧ ಮನೆಯೊಳಗೇ ನಡೆದು, ಬಲಿಯಾದ ಮಗು ಅಪರಾಧಿಯ ಜೊತೆಗೇ ಬಾಳಬೇಕಾಗಿ ಬಂದಾಗ ಪರಿಸ್ಥಿತಿ ಬೇರೆ. ಅಂಥ ಕಡೆ ‘ಕ್ಷಮಿಸಿದ್ದಾಗಿದೆ, ಇನ್ನು ಮಾತಾಡಬೇಡ’ ಎಂಬ ರೂಢಿಯು ಪಾಪಿಗೆ ಆಸರೆಯಾಗಿ ಮಗುವಿಗೆ ಸೆರೆಯಾಗುತ್ತದೆ. ಆಮಿಶ್ ಸಮುದಾಯಗಳೊಳಗಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳು ಅಮೆರಿಕದ ನ್ಯಾಯಾಲಯಗಳಿಗೆ ಬಂದಾಗ ಈ ಕಹಿಸತ್ಯ ಹೊರಬಿದ್ದಿದೆ. ಕೇಟ್‌ಳ ಕಥೆ ಓದುಗರನ್ನು ತಟ್ಟುವುದೂ ಇದೇ ಕಾರಣಕ್ಕೆ.

ಬಹಿಷ್ಕಾರಕ್ಕೂ ಕ್ಷಮೆಗೂ ಆಮಿಶರು ಆಧಾರವಾಗಿ ಹಿಡಿಯುವುದು ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯವನ್ನು. ಆ ಅಧ್ಯಾಯದ ಕ್ರಮವನ್ನೇ ನೋಡೋಣ. ಪ್ರಭುಯೇಸು ಮೊದಲು ಮಗುವೊಂದನ್ನು ಶಿಷ್ಯರ ನಡುವೆ ನಿಲ್ಲಿಸುತ್ತಾರೆ. ಕಿರಿಯರಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲು ಕಟ್ಟುವ ಕಠಿಣ ಮಾತನ್ನು 6ನೇ ವಚನದಲ್ಲಿ ಆಡುತ್ತಾರೆ. ತಪ್ಪನ್ನು ಹೇಳಿ ತಿದ್ದುವ, ಕೊನೆಗೆ ಸಭೆಗೆ ತಿಳಿಸುವ ಕ್ರಮ ಬರುವುದು ಅನಂತರ, 15ರಿಂದ 17ನೇ ವಚನಗಳಲ್ಲಿ. ಪೇತ್ರನ ಪ್ರಶ್ನೆಯೂ ಎಣಿಕೆಯಿಲ್ಲದ ಕ್ಷಮೆಯ ಬೋಧನೆಯೂ ಬರುವುದು ಇವೆಲ್ಲದರ ಬಳಿಕ. ಕಿರಿಯರ ರಕ್ಷಣೆ, ಸತ್ಯದ ನುಡಿ, ಕ್ಷಮೆ: ಮೂರೂ ಒಂದೇ ಅಧ್ಯಾಯದ ಮಾತುಗಳು. ಕೊನೆಯದನ್ನು ಮಾತ್ರ ಕಿತ್ತು ಮೊದಲೆರಡರ ಬಾಯಿ ಮುಚ್ಚಿಸಲು ಬಳಸುವುದು ಶುಭಸಂದೇಶಕ್ಕೆ ಎಸಗುವ ಅಪಚಾರ.

ಆಮಿಶರತ್ತ ಬೆರಳು ತೋರಿಸುವ ಹಕ್ಕು ನಮಗಿಲ್ಲ. ನಮ್ಮ ಧರ್ಮಸಭೆಯೂ ಹಗರಣದ ಭಯದಿಂದ ಬಹುಕಾಲ ಮೌನವಾಗಿತ್ತು. ಪೋಪ್ ಫ್ರಾನ್ಸಿಸ್ 2019ರಲ್ಲಿ ‘ವೋಸ್ ಎಸ್ತಿಸ್ ಲೂಕ್ಸ್ ಮುಂದಿ’ ಶಾಸನದ ಮೂಲಕ, ಇಂಥ ದೌರ್ಜನ್ಯವನ್ನು ಅರಿತ ಗುರುಗಳು ಮತ್ತು ಧಾರ್ಮಿಕರು ಅದನ್ನು ಧರ್ಮಸಭೆಯ ಅಧಿಕಾರಿಗೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿದರು. ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ಪೊಲೀಸರಿಗೆ ತಿಳಿಸುವುದು ಭಾರತದಲ್ಲಿ 2012ರ ಪೋಕ್ಸೋ ಕಾಯಿದೆಯ ಪ್ರಕಾರವೂ ಕಡ್ಡಾಯ. ಪಾಪನಿವೇದನೆಯ ಗುಟ್ಟು ನಮಗೆ ಉಲ್ಲಂಘಿಸಲಾಗದ್ದು; ಆದರೆ ಆ ಸಂಸ್ಕಾರದ ಹೊರಗೆ, ಧರ್ಮಕೇಂದ್ರದ ಕಚೇರಿಯಲ್ಲೋ ಮನೆಭೇಟಿಯಲ್ಲೋ ನಾವು ಕೇಳಿದ ಮಾತಿಗೆ ಆ ಗುಟ್ಟಿನ ಹೊದಿಕೆ ಹಾಕುವಂತಿಲ್ಲ. ನೊಂದ ಮಗುವಿಗೆ ‘ಕ್ಷಮಿಸು’ ಎಂದು ಹೇಳುವ ಮುನ್ನ ‘ಹೇಳು, ಕೇಳುತ್ತೇನೆ’ ಎಂದು ಎದುರು ಕುಳಿತುಕೊಳ್ಳುವುದೇ ಪಾಲಕನ ಮೊದಲ ಕರ್ತವ್ಯ.