ಪಂಪ್‌ಸೆಟ್ಟಿನ ಸಿಮ್ಮಿಗೂ ಒಂದು ವಾಯಿದೆ ಇದೆ

ಎರಡು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿಗೆ ಮುಸುಕಿನ ಜೋಳದ ತಾಕು ನೋಡಲು ಹೋಗಿದ್ದೆ. ಬೆಳೆಗೆ 58 ದಿನವಾಗಿತ್ತು. ಸೂಲಂಗಿ ಹೊರಟು, ತೆನೆಯಲ್ಲಿ ರೇಷ್ಮೆ ಕಾಣಿಸಿಕೊಳ್ಳುವ ಕಾಲ. ಬೆಳಗಿನ ಎಂಟು ಗಂಟೆಗೇ ಎಲೆಗಳೆಲ್ಲ ಸುರುಳಿ ಸುತ್ತಿಕೊಂಡಿದ್ದುವು.

“ಎರಡು ರಾತ್ರಿಯಿಂದ ಮೋಟಾರು ಓಡಿಲ್ಲ ಸ್ವಾಮಿ. ಸುಟ್ಟುಹೋಗಿದೆ ಅಂತ ಕಾಣ್ತದೆ, ಎತ್ತಿಸಬೇಕು” ಎಂದರು ಯಜಮಾನರು. ಆಳದ ಕೊಳವೆ ಬಾವಿಯಿಂದ ಮೋಟಾರು ಎತ್ತಿಸುವ ಖರ್ಚು ಎಷ್ಟೆಂಬುದು ರೈತ ಬಾಂಧವರಿಗೆ ತಿಳಿದೇ ಇದೆ. ಅದೃಷ್ಟಕ್ಕೆ, ಬಂದ ಮೆಕ್ಯಾನಿಕ್ಕು ಮೊದಲು ಸ್ಟಾರ್ಟರಿನ ಹಸಿರು ಗುಂಡಿಯನ್ನು ಕೈಯಿಂದಲೇ ಒತ್ತಿ ನೋಡಿದ. ಮೋಟಾರು ಓಡಿತು, ನೀರೂ ಬಂತು! ಕೆಟ್ಟಿದ್ದು ಮೋಟಾರಲ್ಲ. ಮೊಬೈಲ್ ಸ್ಟಾರ್ಟರಿನೊಳಗಿನ ಪ್ರೀಪೇಯ್ಡ್ ಸಿಮ್ಮಿನ ವಾಯಿದೆ ಮುಗಿದಿತ್ತು.

ಲೆಕ್ಕ ಹಾಕಿದರೆ ಕಾರಣ ಸ್ಪಷ್ಟವಾಯಿತು. ಬಿತ್ತನೆಯ ದಿನ 28 ದಿನಗಳ ರೀಚಾರ್ಜು ಮಾಡಿಸಿದ್ದರು, ಅದು ಮುಗಿದಾಗ ಮತ್ತೊಂದು. ಎರಡೂ ಸೇರಿ 56 ದಿನ. ಬೆಳೆ ನೀರನ್ನು ಅತಿ ಹೆಚ್ಚಾಗಿ ಬಯಸುವ ಹೊತ್ತಿಗೆ ಸರಿಯಾಗಿ ಸಿಮ್ಮು ಕೈಕೊಟ್ಟಿತು. ವಾಯಿದೆ ಮುಗಿಯುತ್ತಿದೆ ಎಂಬ ಎಚ್ಚರಿಕೆಯ ಸಂದೇಶ ಬಂದಿರಲಿಲ್ಲವೇ ಎಂದು ಕೇಳಬಹುದು. ಬಂದಿರುತ್ತದೆ, ಆದರೆ ಅದೇ ಸಿಮ್ಮಿಗೆ, ಅದೇ ಡಬ್ಬಿಯೊಳಕ್ಕೆ. ಅದನ್ನು ಓದುವವರು ಯಾರು?

ಮುಸುಕಿನ ಜೋಳದಲ್ಲಿ ಈ ಹಂತದಲ್ಲಿ ನೀರಿನ ಕೊರತೆಯಾದರೆ ರೇಷ್ಮೆ ತಡವಾಗಿ ಹೊರಡುತ್ತದೆ, ಹೊರಟದ್ದೂ ಒಣಗುತ್ತದೆ. ಪರಾಗ ಉದುರುವ ಕಾಲಕ್ಕೆ ರೇಷ್ಮೆ ಸಿದ್ಧವಿಲ್ಲದೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಅನಂತರ ಎಷ್ಟು ನೀರು ಕೊಟ್ಟರೂ, ಎಷ್ಟು ಯೂರಿಯಾ ಹಾಕಿದರೂ ಆ ನಷ್ಟ ತುಂಬಿಬರುವುದಿಲ್ಲ. ಅದೂ ಹಗುರ ಕೆಂಪು ಮಣ್ಣಾದರೆ ಎರಡು ದಿನವೂ ದೊಡ್ಡದೇ.

ಮೊಬೈಲ್ ಸ್ಟಾರ್ಟರನ್ನು ನಾನು ಹಳಿಯುತ್ತಿಲ್ಲ. ನಡುರಾತ್ರಿ ತ್ರೀ ಫೇಸ್ ವಿದ್ಯುತ್ತು ಬಂದಾಗ ಬ್ಯಾಟರಿ ಹಿಡಿದು ಹಾವು ಚೇಳುಗಳ ನಡುವೆ ಬದುವಿನ ಮೇಲೆ ನಡೆಯುವ ಕಷ್ಟವನ್ನು ಅದು ತಪ್ಪಿಸಿದೆ. ವಿದ್ಯುತ್ತು ಬಂದ ತಕ್ಷಣ ತಾನೇ ಚಾಲೂ ಆಗುವ ಆಟೋ ಸ್ಟಾರ್ಟರಿಗಿಂತ ಇದು ಮೇಲು. ಊರಿನ ಪಂಪ್‌ಸೆಟ್ಟುಗಳೆಲ್ಲ ಒಂದೇ ಕ್ಷಣದಲ್ಲಿ ಹೊರಟರೆ ವೋಲ್ಟೇಜು ಕುಸಿಯುತ್ತದೆ, ಟ್ರಾನ್ಸ್‌ಫಾರ್ಮರಿಗೂ ಪೆಟ್ಟು.

ಕಟ್ಟಳೆಗಳು ಬದಲಾಗಿವೆ

ನಮ್ಮ ದೇಶದಲ್ಲಿ ಒಳಬರುವ ಕರೆ ಉಚಿತವಾದದ್ದು 2003ರಲ್ಲಿ. ಮುಂದೆ “ಜೀವಮಾನದ” ಸಿಮ್ಮುಗಳೂ ಬಂದುವು. ಒಮ್ಮೆ ಹಣ ಕಟ್ಟಿದರೆ ಕರೆ ಬರುತ್ತಲೇ ಇರುತ್ತಿತ್ತು. 2018ರ ಕೊನೆಯಲ್ಲಿ ಖಾಸಗಿ ಕಂಪನಿಗಳು ಒಳಬರುವ ಕರೆಗೂ ಕನಿಷ್ಠ ರೀಚಾರ್ಜು ಬೇಕೆಂದು ವಿಧಿಸಿದುವು. ಹಳೆಯ ನಂಬಿಕೆ ಮಾತ್ರ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ.

28 ದಿನವನ್ನು ತಿಂಗಳೆಂದು ಎಣಿಸುವುದೂ ತಪ್ಪು. ಆ ಲೆಕ್ಕದಲ್ಲಿ ವರ್ಷಕ್ಕೆ 12 ಅಲ್ಲ, 13 ರೀಚಾರ್ಜು ಬೇಕಾಗುತ್ತದೆ. ಇದಕ್ಕಾಗಿಯೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 30 ದಿನಗಳ ಒಂದು ಯೋಜನೆಯನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಇನ್ನೊಂದನ್ನೂ ಇಡಬೇಕೆಂದು ಕಂಪನಿಗಳಿಗೆ 2022ರಲ್ಲಿ ಆದೇಶಿಸಿತು. ರೈತರಿಗೆ ಇನ್ನೂ ಉಪಯುಕ್ತವಾದದ್ದು 2024ರ ಡಿಸೆಂಬರಿನ ತಿದ್ದುಪಡಿ. ಅದರಂತೆ ಇಂಟರ್‌ನೆಟ್ ಇಲ್ಲದ, ಕರೆ ಮತ್ತು ಸಂದೇಶಕ್ಕೆ ಮಾತ್ರ ಮೀಸಲಾದ ಯೋಜನೆಗಳನ್ನು ಕಂಪನಿಗಳು ಕೊಡಲೇಬೇಕು. ವಾಯಿದೆಯ ಮಿತಿಯನ್ನೂ 90ರಿಂದ 365 ದಿನಗಳಿಗೆ ಏರಿಸಲಾಗಿದೆ. ಮೋಟಾರಿಗೆ ಇಂಟರ್‌ನೆಟ್ ಏತಕ್ಕೆ? ಅಂಗಡಿಯಲ್ಲಿ ತಾವಾಗಿ ಹೇಳಲಿಕ್ಕಿಲ್ಲ, ನೀವೇ ಕೇಳಿ ಪಡೆಯಿರಿ. ವರ್ಷದ ಹಣ ಒಮ್ಮೆಲೇ ಕಟ್ಟುವುದು ಕಷ್ಟವೆಂದಾದರೆ ಬೆಳೆಯ ಅವಧಿ ಮುಗಿಯುವವರೆಗಾದರೂ ವಾಯಿದೆ ಇರುವಂತೆ ನೋಡಿಕೊಳ್ಳಬೇಕು.

ಸಿಮ್ಮು ಕೊಳ್ಳುವಾಗ ಇನ್ನೊಂದು ವಿಷಯ. ಹಳೆಯ ಸ್ಟಾರ್ಟರುಗಳಲ್ಲಿ ಅನೇಕವು 2ಜಿ ಜಾಲದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಕೇವಲ 4ಜಿ ಅಥವಾ 5ಜಿ ಇರುವ ಕಂಪನಿಯ ಸಿಮ್ಮು ಅವಕ್ಕೆ ನಿರುಪಯುಕ್ತ. ಸಿಗ್ನಲ್ಲನ್ನು ಮನೆಯ ಜಗಲಿಯಲ್ಲಿ ನೋಡದೆ, ಪಂಪ್‌ಮನೆಯ ಬಾಗಿಲಲ್ಲಿ ನಿಂತು ನೋಡಿ.

ಮನೆಯ ನಂಬರಿನ ಮಾತು

ಮೋಟಾರಿನ ಸಿಮ್ಮು ನಿಂತರೆ ಒಂದು ಬೆಳೆಗೆ ತೊಂದರೆ. ಮನೆಯ ನಂಬರು ಹೋದರೆ ಸಂಕಟ ಇನ್ನೂ ದೊಡ್ಡದು. ಬ್ಯಾಂಕಿನ ಸಂದೇಶ, ಆಧಾರ್, ಪಿಎಂ ಕಿಸಾನ್ ಇ-ಕೆವೈಸಿಯ ಓಟಿಪಿ, ಎಲ್ಲವೂ ಆ ನಂಬರಿಗೇ ಬರುತ್ತವೆ. 2013ರಿಂದ ಇರುವ ನಿಯಮದಂತೆ, ಕರೆ, ಸಂದೇಶ ಯಾವುದೂ ಇಲ್ಲದೆ 90 ದಿನ ಬಳಸದ ಪ್ರೀಪೇಯ್ಡ್ ನಂಬರನ್ನು ಕಂಪನಿ ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿಯಾದರೂ ಇದ್ದರೆ ಅದನ್ನು ಕಳೆದುಕೊಂಡು ಮತ್ತೆ 30 ದಿನ ಉಳಿಸಲಾಗುತ್ತದೆ. ಆದರೆ ಈ ಹಣ ನಂಬರನ್ನು ಉಳಿಸುತ್ತದೆಯೇ ಹೊರತು ಯೋಜನೆಯ ವಾಯಿದೆಯನ್ನು ಮುಂದಕ್ಕೆ ಹಾಕುವುದಿಲ್ಲ. ಇವೆರಡನ್ನೂ ಒಂದೇ ಎಂದು ತಿಳಿದು ಮೋಸಹೋಗುವವರೇ ಹೆಚ್ಚು.

ರದ್ದಾದ ನಂಬರು ಕೆಲವು ತಿಂಗಳ ನಂತರ ಬೇರೆಯವರ ಕೈ ಸೇರುತ್ತದೆ. ನಿಮ್ಮ ಬ್ಯಾಂಕಿನ ಓಟಿಪಿಯೂ ಅವರಿಗೇ ಹೋದೀತು. ಆದ್ದರಿಂದ ನಂಬರು ಬಿಡುವುದಾದರೆ ಮೊದಲು ಬ್ಯಾಂಕಿನಲ್ಲೂ ಆಧಾರ್ ಕೇಂದ್ರದಲ್ಲೂ ಹೊಸದನ್ನು ಬರೆಸಿರಿ. ಸಿಗ್ನಲ್ ಸಾಲದೆಂದು ಕಂಪನಿ ಬದಲಿಸುವವರು ನಂಬರು ಬಿಡಬೇಕಾಗಿಯೂ ಇಲ್ಲ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಂಬರು ಸೇರಿಸಿ 1900ಕ್ಕೆ ಸಂದೇಶ ಕಳಿಸಿದರೆ ಸಂಕೇತ ಬರುತ್ತದೆ. ಅದನ್ನು ಹೊಸ ಕಂಪನಿಯವರಿಗೆ ಕೊಟ್ಟರಾಯಿತು.

ಆ ಯಜಮಾನರ ತಾಕಿನಲ್ಲಿ ಕೊಯ್ಲಿನ ಹೊತ್ತಿಗೆ ಬಹಳಷ್ಟು ತೆನೆಗಳು ತುದಿ ಬೋಳಾಗಿದ್ದುವು. ಈಗ ಅವರ ಸ್ಟಾರ್ಟರ್ ಡಬ್ಬಿಯ ಮುಚ್ಚಳದ ಮೇಲೆ ಸುಣ್ಣದಲ್ಲಿ ಎರಡು ತಾರೀಖು ಬರೆದಿದೆ: ಒಂದು ಬಿತ್ತನೆಯದು, ಇನ್ನೊಂದು ರೀಚಾರ್ಜು ಮುಗಿಯುವುದು. ಮಳೆಗೆ ಅಳಿಸಿಹೋದೀತೆಂದು ಸೊಸೆ ಅದನ್ನೇ ಅಡುಗೆಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿಕೊಂಡಿದ್ದಾಳೆ.